ಮಕ್ಕಳ ಸಾಗಣೆ: ಶಾಲೆ, ಆಸ್ಪತ್ರೆ, ಅಂಗನವಾಡಿ, ಬಸ್ ನಿಲ್ದಾಣದಲ್ಲಿ ಕೆಲಸ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಶಿಕ್ಷಕರು, ವೈದ್ಯರು, ನರ್ಸ್‌ಗಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಪಿಡಿಒಗಳು, ಕಂಡಕ್ಟರ್‌ಗಳು, ಲಾಡ್ಜ್ ಸಿಬ್ಬಂದಿ, ಇವರಿಗಾಗಿ ಬರೆದಿದ್ದು ಇದು. ಪೊಲೀಸರಿಗಿಂತ ಮೊದಲು ಮಗು ಕಣ್ಣಿಗೆ ಬೀಳುವುದು ನಿಮಗೇ. ಎಷ್ಟೋ ಸಲ ಆ ಮಗುವನ್ನು ನೋಡುವ ಹೊರಗಿನವರು ನೀವೊಬ್ಬರೇ ಆಗಿರುತ್ತೀರಿ.

ಸಾಗಿಸಿ ತಂದ ಮಗು ಅನ್ನುವ ಅನುಮಾನ ಬಂದು, ಆ ಮಗು ಈಗಲೇ ಎದುರಿಗೆ ಇದ್ದರೆ ಓದುತ್ತಾ ಕೂರಬೇಡಿ. 1098 (ಮಕ್ಕಳ ಸಹಾಯವಾಣಿ) ಅಥವಾ 112ಕ್ಕೆ (ಪೊಲೀಸ್ ತುರ್ತು ಕರೆ) ಫೋನ್ ಮಾಡಿ. ಆಮೇಲೆ ಬಂದು ಓದಿ.

ಮಕ್ಕಳ ಸಾಗಣೆ ಅಂದ್ರೆ ಮಕ್ಕಳ ಕಳ್ಳತನ ತಾನೇ?

ಅದೂ ಇದೆ. ಆದರೆ ಮಕ್ಕಳ ಕಳ್ಳರನ್ನೇ ತಲೆಯಲ್ಲಿಟ್ಟುಕೊಂಡರೆ ಬಹಳಷ್ಟು ಪ್ರಕರಣ ಕಣ್ಣಿಗೇ ಬೀಳುವುದಿಲ್ಲ. ಕರೆದುಕೊಂಡು ಹೋಗುವವರು ಸಾಮಾನ್ಯವಾಗಿ ಗುರುತಿನವರು. ದೂರದ ಸಂಬಂಧಿ, ಕೂಲಿಗೆ ಜನ ಕರೆದೊಯ್ಯುವ ಪಕ್ಕದೂರಿನ ಮೇಸ್ತ್ರಿ, ಮೊದಲೇ ಪಟ್ಟಣ ಸೇರಿದ ಹುಡುಗಿ, ಮದುವೆ ಮಾತು ತರುವ ದಲ್ಲಾಳಿ. ಮನೆಗೆ ಬಂದು ಚಹಾ ಕುಡಿದು, ಕೈಗೆ ಅಡ್ವಾನ್ಸ್ ಇಟ್ಟು, "ನಮ್ಮ ಮಗಳ ಥರ ನೋಡ್ಕೋತೀವಿ" ಅಂತ ಹೇಳಿ ಕರೆದೊಯ್ಯುತ್ತಾರೆ.

ಮೊದಲು ಐಪಿಸಿ 370ರಲ್ಲಿದ್ದ ಈ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್‌ನಲ್ಲಿದೆ. ಶೋಷಣೆಗಾಗಿ ಒಬ್ಬರನ್ನು ಕೆಲಸಕ್ಕೆ ಹಿಡಿಯುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಬೇರೆಯವರಿಗೆ ಒಪ್ಪಿಸುವುದು, ಪಡೆದುಕೊಳ್ಳುವುದು ಎಲ್ಲವೂ ಇದರಲ್ಲಿ ಬರುತ್ತವೆ. ಅದಕ್ಕೆ ಬೆದರಿಕೆ, ಬಲವಂತ, ಮೋಸ, ಅಧಿಕಾರದ ದುರ್ಬಳಕೆ, ಆಮಿಷ ಇವುಗಳಲ್ಲಿ ಒಂದು ಸೇರಿರಬೇಕು. ಮಗುವಿನ ಮೇಲೆ ಹಕ್ಕಿರುವವರ ಒಪ್ಪಿಗೆಗಾಗಿ ದುಡ್ಡು ಕೊಡುವುದೂ ಆಮಿಷವೇ. ಹಾಗಾಗಿ "ಅವರ ಅಪ್ಪನೇ ಕಳಿಸಿದ್ದು ಸಾರ್" ಅನ್ನುವ ಮಾತಿನಿಂದ ಕೇಸು ಮುಗಿಯುವುದಿಲ್ಲ. "ಹುಡುಗೀನೇ ಒಪ್ಪಿ ಬಂದಿದ್ದು" ಅನ್ನುವುದರಿಂದಲೂ ಅಷ್ಟೇ. ಸಂತ್ರಸ್ತರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ ಅಂತ ಕಾನೂನು ನೇರವಾಗಿ ಬರೆದಿದೆ. ಸಾಗಿಸಿದ್ದು ಒಂದು ಮಗುವನ್ನಾದರೆ ಕನಿಷ್ಠ 10 ವರ್ಷ, ಒಂದಕ್ಕಿಂತ ಜಾಸ್ತಿ ಮಕ್ಕಳನ್ನಾದರೆ ಕನಿಷ್ಠ 14 ವರ್ಷ ಕಠಿಣ ಸಜೆ. ಎರಡೂ ಜೀವಾವಧಿವರೆಗೆ ಹೋಗಬಹುದು.

ಇದೆಲ್ಲ ಮುಂಬೈ, ದೆಹಲಿ ಕಡೆ ಅಲ್ವಾ? ನಮ್ಮ ಕಡೆ ಎಲ್ಲಿದೆ?

ನಮ್ಮ ಕಡೆಯೂ ಇದೆ, ಒಂದೊಂದು ಕಡೆ ಒಂದೊಂದು ರೂಪದಲ್ಲಿ. ರಾಯಚೂರು, ಯಾದಗಿರಿ ಭಾಗದಲ್ಲಿ ಹತ್ತಿ ಬೀಜೋತ್ಪಾದನೆಯ ಹೊಲಗಳಿಗೆ ಹುಡುಗಿಯರನ್ನು ತುಂಬಿಕೊಂಡು ಹೋಗುವ ಗೂಡ್ಸ್ ಗಾಡಿಗಳನ್ನು ಅಲ್ಲಿನ ಮೇಷ್ಟ್ರುಗಳು ಚೆನ್ನಾಗಿ ಬಲ್ಲರು. ಹೂವಿಗೆ ಹೂವಿನ ಪರಾಗ ಮುಟ್ಟಿಸುವ ಕೆಲಸಕ್ಕೆ ಸಣ್ಣ ಬೆರಳು, ಗಿಡದ ಎತ್ತರದ ಮೈ ಬೇಕು ಅನ್ನುವುದು ಮಾಲೀಕರ ನೆಪ. ಬೆಂಗಳೂರಿನ ಬ್ಯಾಗ್ ಹೊಲಿಯುವ ಮನೆಗಳಲ್ಲಿ, ಬೇಕರಿಗಳಲ್ಲಿ ಬಿಹಾರ, ಉತ್ತರ ಪ್ರದೇಶ, ಬಂಗಾಳದ ಹುಡುಗರು ಸಿಕ್ಕಿದ್ದಾರೆ. ನಗರದ ಸುತ್ತಲಿನ ಇಟ್ಟಿಗೆ ಭಟ್ಟಿಗಳಿಗೆ ಒಡಿಶಾದಿಂದ ಇಡೀ ಸಂಸಾರಗಳೇ ಮುಂಗಡದ ಸಾಲ ಹೊತ್ತು ಬರುತ್ತವೆ. ಮಕ್ಕಳೂ ಇಟ್ಟಿಗೆ ತಿರುವುತ್ತಾರೆ.

ಮನೆಗೆಲಸಕ್ಕೆ ತಂದಿಟ್ಟುಕೊಂಡ ಹುಡುಗಿ ಎಲ್ಲರಿಗಿಂತ ಕಡಿಮೆ ಕಾಣುತ್ತಾಳೆ, ಅಪಾರ್ಟ್‌ಮೆಂಟ್ ಬಾಗಿಲು ಮುಚ್ಚಿದರೆ ಮುಗಿಯಿತು. ಮುತ್ತು ಕಟ್ಟುವುದನ್ನು, ಅಂದರೆ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ದೇವರಿಗೆ ಬಿಡುವುದನ್ನು, ನಿಷೇಧಿಸಿ 1982ರಲ್ಲೇ ರಾಜ್ಯ ಕಾನೂನು ಮಾಡಿತು. ಆದರೂ ದೇವದಾಸಿ ಕುಟುಂಬಗಳ ಹೆಣ್ಣುಮಕ್ಕಳ ಸುತ್ತ ದಲ್ಲಾಳಿಗಳು ಓಡಾಡುವುದು ನಿಂತಿಲ್ಲ. ಇವಲ್ಲದೆ ಭಿಕ್ಷೆಗೆ ಬಾಡಿಗೆ ಮಕ್ಕಳು, ದೂರದ ರಾಜ್ಯಕ್ಕೆ ದುಡ್ಡು ಪಡೆದು ಮಾಡುವ ಮದುವೆ, ಹಸುಗೂಸು ಮಾರಾಟ.

ಗುಳೆ ಹೋಗುವವರೆಲ್ಲ ಸಾಗಣೆಗೆ ಒಳಗಾದವರೇ?

ಖಂಡಿತ ಅಲ್ಲ. ಮಳೆ ಕೈಕೊಟ್ಟ ವರ್ಷ ದುಡಿಯಲು ಊರು ಬಿಡುವುದು ತಪ್ಪೂ ಅಲ್ಲ, ಅಪರಾಧವೂ ಅಲ್ಲ. ಗುಳೆ ಹೋಗುವವರನ್ನು ಕಳ್ಳರಂತೆ ನೋಡಿದರೆ ಅವರು ನಮ್ಮಿಂದ ದೂರ ಸರಿಯುತ್ತಾರೆ, ಮಕ್ಕಳು ಇನ್ನಷ್ಟು ಮರೆಯಾಗುತ್ತಾರೆ. ನೀವು ತಿಳಿಯಬೇಕಾದ ಪ್ರಶ್ನೆಗಳು ಬೇರೆ. ಮಗು ಅಪ್ಪ ಅಮ್ಮನ ಜೊತೆ ಹೋಗುತ್ತಿದೆಯೋ, ಮೇಸ್ತ್ರಿಯ ಜೊತೆಗೋ? ಮುಂಗಡ ತೀರುವವರೆಗೆ ಬಿಟ್ಟು ಬರುವ ಹಾಗಿಲ್ಲ ಅಂತ ಇದೆಯಾ? ಕೂಲಿ ಯಾರ ಕೈಗೆ ಹೋಗುತ್ತದೆ? ಬೇಕೆಂದಾಗ ಊರಿಗೆ ಫೋನ್ ಮಾಡಬಹುದಾ?

ಶಾಲೆಯಲ್ಲಿ ನಾನು ಏನನ್ನು ಗಮನಿಸಬೇಕು?

ಹಾಜರಿ ಪುಸ್ತಕವನ್ನು. ಮಗು ಹೋಗುವ ಮೊದಲೇ ಸುಳಿವು ಅಲ್ಲಿರುತ್ತದೆ. ಆರನೇ, ಏಳನೇ ತರಗತಿಯ ಹುಡುಗಿ ಸೋಮವಾರ ಬರುವುದಿಲ್ಲ, ಬುಧವಾರ ಬರುತ್ತಾಳೆ, ಮುಂದಿನ ವಾರ ಎರಡು ದಿನ ಬರುತ್ತಾಳೆ. ಬಂದ ದಿನವೂ ಮಧ್ಯಾಹ್ನ ನಿದ್ದೆ. ಬೆರಳ ತುದಿ ಒಡೆದಿರುತ್ತದೆ, ಕೈಯಲ್ಲಿ ಮೆಣಸಿನಕಾಯಿಯ ಉರಿ. ಕೇಳಿದರೆ "ಅಜ್ಜಿಗೆ ಆರಾಮಿಲ್ಲ ಟೀಚರ್" ಅನ್ನುತ್ತಾಳೆ. ಅಜ್ಜಿಗೆ ನಿಜಕ್ಕೂ ಆರಾಮಿಲ್ಲದಿರಬಹುದು. ಮನೆಗೆ ಹೋಗಿ ನೋಡದೆ ಗೊತ್ತಾಗುವುದಿಲ್ಲ.

ಹೀಗೆ ಗೈರಾದ ಮಗುವಿನ ಬಗ್ಗೆ ಒಂದು ವಾರದೊಳಗೆ ಮನೆಗೆ ಹೋಗಿ. ಬೇಸಿಗೆ ರಜೆ, ದೀಪಾವಳಿ ಮುಗಿದ ಮೇಲಿನ ದಿನ, ಜಾತ್ರೆ ಮುಗಿದ ವಾರ ಹೆಚ್ಚು ಎಚ್ಚರ ಬೇಕು. "ಚಿಕ್ಕಮ್ಮನ ಊರಿಗೆ ಹೋಗಿದ್ದಾಳೆ, ಅಲ್ಲೇ ಓದ್ತಾಳೆ" ಅಂದರೆ ಯಾವ ಊರು, ಯಾವ ಶಾಲೆ ಅಂತ ಕೇಳಿ. ನಿಜವಾಗಿ ಸೇರಿದ್ದರೆ ವರ್ಗಾವಣೆ ಪತ್ರ ಕೇಳಿರಬೇಕು, ಸ್ಯಾಟ್ಸ್‌ನಲ್ಲಿ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ಹೊಸ ಶಾಲೆ ಕಾಣಬೇಕು. ಎರಡೂ ಇಲ್ಲ ಅಂದರೆ ಆ ಮಗು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ ಅಂತಲೇ ಅರ್ಥ.

ದೊಡ್ಡ ಹುಡುಗಿಯರ ಕೈಯಲ್ಲಿ ಇದ್ದಕ್ಕಿದ್ದಂತೆ ದುಬಾರಿ ಫೋನ್, ಯಾರು ಕೊಟ್ಟರು ಅಂತ ಹೇಳದ ಬಟ್ಟೆ, ಇನ್‌ಸ್ಟಾಗ್ರಾಮ್‌ನಲ್ಲಿ ಪರಿಚಯವಾದವನೊಬ್ಬ ಬೆಂಗಳೂರಲ್ಲಿ ಕೆಲಸ ಕೊಡಿಸುತ್ತಾನೆ ಅನ್ನುವ ಮಾತು. ಇವು ಕಂಡಾಗ ಬೈದು ಫೋನ್ ಕಿತ್ತುಕೊಳ್ಳುವ ಶಿಕ್ಷಕರೇ ಜಾಸ್ತಿ. ಬೈಸಿಕೊಂಡ ಹುಡುಗಿ ಮುಂದಿನ ಸಲ ನಿಮಗೆ ಹೇಳುವುದಿಲ್ಲ, ಅವನಿಗೆ ಹೇಳುತ್ತಾಳೆ. ಕೂರಿಸಿಕೊಂಡು ಕೇಳಿ.

ಗೆಳತಿಯರನ್ನು ಮರೆಯಬೇಡಿ. ಪಕ್ಕದಲ್ಲಿ ಕೂರುವ ಹುಡುಗಿಗೆ ನಮಗಿಂತ ಮೊದಲೇ ಎಲ್ಲ ಗೊತ್ತಿರುತ್ತದೆ.

ಆಸ್ಪತ್ರೆಯಲ್ಲಿ?

ಒಂದು ಉದಾಹರಣೆ ತೆಗೆದುಕೊಳ್ಳಿ. ಹೊರರೋಗಿ ವಿಭಾಗಕ್ಕೆ ಹದಿಮೂರರ ಹುಡುಗಿಯನ್ನು ಕರೆತರುತ್ತಾರೆ. ಮುಂಗೈ ಮೇಲೆ ಸುಟ್ಟ ಗಾಯ. ಜೊತೆಗೆ ಬಂದ ಹೆಂಗಸು ಹೆಸರು, ವಯಸ್ಸು, ನೋವು ಎಲ್ಲವನ್ನೂ ತಾನೇ ಹೇಳುತ್ತಾಳೆ. "ನಮ್ಮ ಅಕ್ಕನ ಮಗಳು. ಹಾಲು ಚೆಲ್ಕೊಂಡ್ಳು." ಹುಡುಗಿಗೆ ಕನ್ನಡ ಬರುವುದಿಲ್ಲ. ಗಾಯ ಇವತ್ತಿನದಲ್ಲ, ಕೀವು ಕಟ್ಟಿದೆ. ಮೊಣಕೈ ಹತ್ತಿರ ಇನ್ನೊಂದು ಹಳೆಯ ಕಲೆ. ಉಗುರು ಸವೆದಿದೆ, ಬೆರಳ ಸಂದಿ ಸೋಪಿನ ನೀರಿಗೆ ಬೆಳ್ಳಗಾಗಿದೆ. ಬಿಲ್ ಕಟ್ಟುವಾಗ ವಿಳಾಸ ಕೇಳಿದರೆ ಆ ಹೆಂಗಸು ತಡವರಿಸುತ್ತಾಳೆ.

ಇದರಲ್ಲಿ ಒಂದೇ ಒಂದು ಇದ್ದರೆ ಏನೂ ಇರಲಿಕ್ಕಿಲ್ಲ. ಎಲ್ಲ ಒಟ್ಟಿಗೆ ಇದ್ದಾಗ ನಿಲ್ಲಬೇಕು.

ಮೊದಲು ಮಾಡಬೇಕಾದದ್ದು ಹುಡುಗಿಯನ್ನು ಬೇರೆ ಕೂರಿಸುವುದು. ಜಗಳ ಬೇಡ. "ತೂಕ ನೋಡ್ಬೇಕು, ಡ್ರೆಸ್ಸಿಂಗ್ ರೂಮಿಗೆ ಒಬ್ಬರನ್ನೇ ಬಿಡೋದು" ಅಂತ ನರ್ಸ್ ಸಹಜವಾಗಿ ಹೇಳಿದರೆ ಸಾಕು. ಭಾಷೆ ಬಾರದಿದ್ದರೆ ಜೊತೆಗೆ ಬಂದವರನ್ನು ದುಭಾಷಿ ಮಾಡಿಕೊಳ್ಳಬೇಡಿ. ಆಸ್ಪತ್ರೆಯಲ್ಲೇ ಹಿಂದಿ, ಬಂಗಾಳಿ, ಒಡಿಯಾ ಬಲ್ಲ ಸಿಬ್ಬಂದಿ ಇರಬಹುದು.

ಕೇಸ್ ಶೀಟ್‌ನಲ್ಲಿ ಗಾಯದ ಜಾಗ, ಅಳತೆ, ಎಷ್ಟು ಹಳೆಯದು ಅನ್ನುವುದನ್ನು ಬರೆಯಿರಿ. ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆಯಿರಿ, ಜೊತೆಗಿದ್ದವರು ಹೇಳಿದ್ದನ್ನು ಬೇರೆಯಾಗಿ ಬರೆಯಿರಿ. ಎರಡು ಕಥೆ ಹೊಂದುವುದಿಲ್ಲ ಅನ್ನುವುದೇ ಮುಂದೆ ಕೋರ್ಟಿನಲ್ಲಿ ದೊಡ್ಡ ಸಾಕ್ಷಿಯಾಗಬಹುದು.

ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ ಚಿಕಿತ್ಸೆ ಮೊದಲು, ಕಾಗದ ಆಮೇಲೆ. ತುರ್ತು ಚಿಕಿತ್ಸೆಗೆ ಪೊಲೀಸ್ ಪತ್ರ ತನ್ನಿ ಅಂತ ಕೇಳುವ ಹಾಗಿಲ್ಲ ಅಂತ 2020ರ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ನಿಯಮಗಳು ಹೇಳುತ್ತವೆ. ಹುಡುಗಿಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ಹಿಂದೆ ಲೈಂಗಿಕ ಸಂಪರ್ಕ ಆಗಿತ್ತೇ ಅಂತ ನೋಡಲು ಮಾಡುತ್ತಿದ್ದ ಎರಡು ಬೆರಳ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಖಂಡಿಸಿ, ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂದಿದೆ. 18 ತುಂಬದ ಗರ್ಭಿಣಿ ಬಂದಾಗ "ಮದುವೆ ಆಗಿದೆ" ಅನ್ನುವ ಉತ್ತರಕ್ಕೆ ಸಮಾಧಾನಪಟ್ಟುಕೊಳ್ಳಬೇಡಿ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು.

ನಾನು ಆಶಾ ಕಾರ್ಯಕರ್ತೆ. ಹಸುಗೂಸು ಮಾರಾಟದ ಸುಳಿವು ಹೇಗೆ ಸಿಗುತ್ತದೆ?

ನಿಮ್ಮ ಪುಸ್ತಕದಲ್ಲೇ ಸಿಗುತ್ತದೆ. ತಾಯಿ ಕಾರ್ಡ್ ಇದ್ದ ಹೆಂಗಸು ಹೆರಿಗೆಗೆ ಎಲ್ಲಿಗೋ ಹೋಗಿ ಬರಿಗೈಲಿ ಬರುತ್ತಾಳೆ. "ಕೂಸು ಉಳೀಲಿಲ್ಲ" ಅನ್ನುತ್ತಾರೆ, ಆದರೆ ಆಸ್ಪತ್ರೆಯ ಚೀಟಿ ಇಲ್ಲ. ಇದರ ಇನ್ನೊಂದು ಮುಖವೂ ಉಂಟು. ಒಂದು ತಿಂಗಳೂ ಬಸುರಿಯಾಗಿ ಕಾಣದವಳ ಮಡಿಲಲ್ಲಿ ಕೂಸು, ಲಸಿಕೆಗೆ ಬಂದಾಗ ಡಿಸ್ಚಾರ್ಜ್ ಕಾಗದ ಮಾತ್ರ ಅಚ್ಚುಕಟ್ಟು. ಹೆತ್ತವಳನ್ನು ಕೊಳ್ಳುವವಳ ಹೆಸರಿನಲ್ಲೇ ಆಸ್ಪತ್ರೆಗೆ ಸೇರಿಸುವುದು ಹಳೆಯ ದಾರಿ. ಹಾಗೆ ಮಾಡಿದರೆ ಜನನ ಪ್ರಮಾಣಪತ್ರವೇ ಸುಳ್ಳಾಗಿ ಹುಟ್ಟುತ್ತದೆ.

ಬಡತನಕ್ಕೆ, ಮದುವೆಯಾಗದೆ ಬಸುರಾದ ಅವಮಾನಕ್ಕೆ ಹೆದರಿದ ತಾಯಿಗೆ ಬೇರೆ ದಾರಿ ಇದೆ ಅಂತ ಹೇಳುವವರು ಬೇಕು. ಸಾಕಲು ಆಗುವುದೇ ಇಲ್ಲ ಅನ್ನುವವರು ಮಕ್ಕಳ ಕಲ್ಯಾಣ ಸಮಿತಿಯ (ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಜಿಲ್ಲೆಯ ಸಮಿತಿ) ಮುಂದೆ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾದರೆ ವಾಪಸ್ ಪಡೆಯಲು ಎರಡು ತಿಂಗಳ ಸಮಯವಿದೆ. ಈ ಮಾತನ್ನು ದಲ್ಲಾಳಿಗಿಂತ ಮೊದಲು ನೀವು ಹೇಳಬೇಕು. ಮಗುವನ್ನು ಮಾರಿದರೂ ಕೊಂಡರೂ ಬಾಲನ್ಯಾಯ ಕಾಯ್ದೆಯಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. ಆಸ್ಪತ್ರೆ ಸಿಬ್ಬಂದಿ ಕೈವಾಡ ಇದ್ದರೆ 3ರಿಂದ 7 ವರ್ಷ. ನವಜಾತ ಶಿಶು ಸಾಗಣೆಯಾದ ಆಸ್ಪತ್ರೆಯ ಪರವಾನಗಿಯನ್ನೇ ಅಮಾನತು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ಬಸ್ಸು, ರೈಲು, ಲಾಡ್ಜ್‌ನಲ್ಲಿ ಕೆಲಸ ಮಾಡುವವರು ಏನು ನೋಡಬೇಕು?

ಒಬ್ಬ ದೊಡ್ಡವನ ಜೊತೆ ಐದಾರು ಮಕ್ಕಳು, ಒಬ್ಬರಿಗೊಬ್ಬರು ಸಂಬಂಧವಿದ್ದಂತೆ ಕಾಣುವುದಿಲ್ಲ. ಟಿಕೆಟ್ ಎಲ್ಲ ಅವನ ಕೈಲಿ. ಮಕ್ಕಳಿಗೆ ಹೋಗುವ ಊರಿನ ಹೆಸರೇ ಗೊತ್ತಿಲ್ಲ, ಅಥವಾ ಎಲ್ಲರೂ ಬಾಯಿಪಾಠ ಮಾಡಿದಂತೆ ಒಂದೇ ಉತ್ತರ ಹೇಳುತ್ತಾರೆ. ರೈಲಿನಲ್ಲಾದರೆ 139ಕ್ಕೆ ಕರೆ ಮಾಡಿ, ಇಲ್ಲವೇ ಬೋಗಿಯಲ್ಲಿರುವ ರೈಲ್ವೆ ರಕ್ಷಣಾ ಪಡೆಯವರಿಗೆ ಹೇಳಿ. ದೊಡ್ಡ ನಿಲ್ದಾಣಗಳಲ್ಲಿ ಮಕ್ಕಳ ಸಹಾಯ ಕೇಂದ್ರಗಳಿವೆ. ಬಸ್ಸಿನಲ್ಲಾದರೆ 112ಕ್ಕೆ ಫೋನ್ ಮಾಡಿ ಬಸ್ ನಂಬರ್, ಮುಂದಿನ ನಿಲ್ದಾಣ ತಿಳಿಸಿ. ನಡುದಾರಿಯಲ್ಲಿ ಇಳಿಸಬೇಡಿ. ಇಳಿಸಿದರೆ ಬೇರೆ ಗಾಡಿ ಹತ್ತುತ್ತಾರೆ, ಅಷ್ಟೇ.

ಲಾಡ್ಜ್‌ನವರು ಗುರುತಿನ ಚೀಟಿಯನ್ನು ದೊಡ್ಡವರದ್ದು ಮಾತ್ರ ತೆಗೆದುಕೊಂಡು ಸುಮ್ಮನಾಗಬೇಡಿ, ಮಗುವಿನದ್ದೂ ಕೇಳಿ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ, ವಿಡಿಯೊ, ವಸ್ತು ಏನಾದರೂ ಕಣ್ಣಿಗೆ ಬಿದ್ದರೆ ಪೊಲೀಸರಿಗೆ ತಿಳಿಸುವ ಹೊಣೆಯನ್ನು ಪೋಕ್ಸೊ ಕಾಯ್ದೆಯ 20ನೇ ಸೆಕ್ಷನ್ ಹೋಟೆಲ್, ಲಾಡ್ಜ್, ಸ್ಟುಡಿಯೊ, ಆಸ್ಪತ್ರೆಗಳ ಸಿಬ್ಬಂದಿಯ ಹೆಸರು ಹಿಡಿದೇ ಹಾಕಿದೆ.

ಮಗುವೇ "ಏನೂ ಆಗಿಲ್ಲ, ಚೆನ್ನಾಗಿದ್ದೀನಿ" ಅಂದರೆ?

ಹಾಗೆ ಹೇಳುವ ಮಕ್ಕಳೇ ಜಾಸ್ತಿ. ಅದಕ್ಕೆ ಕಾರಣಗಳೂ ಇವೆ. ಅಪ್ಪ ತೆಗೆದುಕೊಂಡ ಇಪ್ಪತ್ತು ಸಾವಿರ ತೀರಿಸುವ ಭಾರ ತನ್ನ ಮೇಲಿದೆ ಅಂತ ಹನ್ನೆರಡರ ಹುಡುಗ ನಂಬಿರುತ್ತಾನೆ. ತಪ್ಪಿಸಿಕೊಂಡರೆ ತಂಗಿಯನ್ನು ಕರೆತರುತ್ತೇವೆ ಅಂತ ಹೆದರಿಸಿರುತ್ತಾರೆ. ಪೊಲೀಸರು ಹಿಡಿದರೆ ನಿನ್ನನ್ನೇ ಜೈಲಿಗೆ ಹಾಕುತ್ತಾರೆ ಅಂತ ಹೇಳಿಕೊಟ್ಟಿರುತ್ತಾರೆ. ಇನ್ನು ಕೆಲವರಿಗೆ ಕರೆತಂದವನ ಮೇಲೆ ನಿಜವಾದ ಪ್ರೀತಿಯೇ ಇರುತ್ತದೆ, ಅವನೇ ಊಟ ಕೊಟ್ಟವನು, ಅವನೇ ಹೊಡೆದವನು. ಇಂಥ ಮಗು ನಿಮ್ಮ ಮೇಲೆ ಸಿಟ್ಟಾಗಬಹುದು, ಸುಳ್ಳು ಹೇಳಬಹುದು, ಓಡಲು ನೋಡಬಹುದು. ಅದನ್ನು ಹಟಮಾರಿತನ ಅಂತ ಬರೆದು ಫೈಲ್ ಮುಚ್ಚಬಾರದು. ಮಗು ಒಪ್ಪಿಕೊಳ್ಳುವವರೆಗೆ ಕಾಯುವ ಅಗತ್ಯವೂ ಇಲ್ಲ. ನೀವು ಕಂಡದ್ದು ಸಾಕು.

ಹಾಗಾದರೆ ಮಗುವಿನ ಹತ್ತಿರ ಏನು ಮಾತಾಡಬೇಕು?

ಮೊದಲು ಊಟ, ನೀರು. "ಊಟ ಆಯ್ತೇನಪ್ಪಾ?" ಅನ್ನುವುದಕ್ಕಿಂತ ಒಳ್ಳೆಯ ಶುರು ನನಗೆ ಗೊತ್ತಿಲ್ಲ. ಅದರಿಂದಲೇ ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ಯಾರು ಬಡಿಸುತ್ತಾರೆ, ಎಲ್ಲಿ ಮಲಗುತ್ತಾರೆ ಅನ್ನುವುದೆಲ್ಲ ತಾನಾಗಿ ಬರುತ್ತದೆ. ನಿಮ್ಮ ಹೆಸರು ಹೇಳಿ. ಮಗುವಿನ ಎತ್ತರಕ್ಕೆ ಕೂತು ಮಾತಾಡಿ. ಬಾಗಿಲು ಕಾಣುವ ಕಡೆ ಮಗುವನ್ನು ಕೂರಿಸಿ.

ಕೇಳಬಹುದಾದ್ದು: ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀಯ? ಇವತ್ತು ಕೆಲಸ ಬೇಡ ಅಂದ್ರೆ ಏನಂತಾರೆ? ಅಮ್ಮನ ಜೊತೆ ಯಾವಾಗ ಮಾತಾಡಿದ್ದೆ? ಇಲ್ಲಿಗೆ ಯಾರ ಜೊತೆ ಬಂದೆ?

ಕೇಳಬಾರದ್ದು: "ನಿನ್ನ ಮೇಲೆ ಏನಾದ್ರೂ ಮಾಡಿದ್ನಾ?" ಅಂತ ಉತ್ತರವನ್ನೇ ಬಾಯಿಗಿಡುವ ಪ್ರಶ್ನೆ. "ಯಾಕೆ ಓಡಿ ಬರ್ಲಿಲ್ಲ?" ಅನ್ನುವ ಪ್ರಶ್ನೆ. ಇದಂತೂ ತಪ್ಪನ್ನೆಲ್ಲ ಮಗುವಿನ ತಲೆಗೆ ಕಟ್ಟುತ್ತದೆ. ಒಂದೇ ವಿಷಯವನ್ನು ಟೀಚರ್ ಒಮ್ಮೆ, ಹೆಡ್ ಮೇಷ್ಟ್ರು ಒಮ್ಮೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಒಮ್ಮೆ ಕೇಳುವುದೂ ಬೇಡ. ವಿವರವಾದ ಹೇಳಿಕೆ ಪಡೆಯಲು ಬೇರೆಯವರಿದ್ದಾರೆ. ದೂರು ಕೊಡಲು ಬೇಕಾದಷ್ಟು ತಿಳಿದರೆ ನಿಲ್ಲಿಸಿ.

"ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. "ನಾಳೆಯೇ ಊರಿಗೆ ಕಳಿಸ್ತೀವಿ" ಅಂತಲೂ ಬೇಡ. "ನೀನು ಹೇಳಿದ್ದು ಒಳ್ಳೇದಾಯ್ತು. ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ" ಅಂದರೆ ನಿಜವೂ ಹೌದು, ಮಗುವಿಗೆ ಧೈರ್ಯವೂ ಹೌದು.

ಸಾಕ್ಷಿ ಇಲ್ಲ, ಬರೀ ಅನುಮಾನ. ತಪ್ಪಾದರೆ ನನ್ನ ಮೇಲೆ ಬರುತ್ತದಲ್ಲ?

ಎಲ್ಲರೂ ಹೆದರುವುದು ಇದಕ್ಕೇ. ಸಾಬೀತು ಮಾಡುವುದು ನಿಮ್ಮ ಕೆಲಸ ಅಲ್ಲ. ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ತಿಳಿದವರು ಮಾತ್ರವಲ್ಲ, ನಡೆಯಬಹುದು ಅಂತ ಆತಂಕ ಇರುವವರೂ ಪೊಲೀಸರಿಗೆ ತಿಳಿಸಲೇಬೇಕು. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್, ಕ್ರಿಮಿನಲ್ ಯಾವ ಕ್ರಮವೂ ಇಲ್ಲ ಅಂತ ಅದೇ ಸೆಕ್ಷನ್ ಕಾಪಾಡುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ.

ದಿಕ್ಕಿಲ್ಲದೆ, ಕಳೆದುಹೋಗಿ, ಪೋಷಕರಿಂದ ಬೇರೆಯಾಗಿ ಸಿಕ್ಕ ಮಗುವಿನ ಬಗ್ಗೆ ಬಾಲನ್ಯಾಯ ಕಾಯ್ದೆ 24 ಗಂಟೆಯ ಗಡುವು ಕೊಟ್ಟಿದೆ. ತಿಳಿಸದೆ ಇಟ್ಟುಕೊಳ್ಳುವುದು, ಕರುಣೆಯಿಂದಲೇ ಆದರೂ, ಅಪರಾಧ.

ಯಾರಿಗೆ ಹೇಳಬೇಕು? 1098ಕ್ಕೆ ಹೇಳಿದರೆ ಸಾಕಾ?

1098 ಮಕ್ಕಳ ಸಹಾಯವಾಣಿ, ದಿನವಿಡೀ ಉಚಿತ. 2023ರಿಂದ ಸರ್ಕಾರವೇ ನಡೆಸುತ್ತಿದೆ, 112ರ ಜೊತೆ ಜೋಡಿಸಿದೆ. ಜೀವಕ್ಕೆ ಅಪಾಯ ಇದ್ದರೆ ನೇರ 112. ಲೈಂಗಿಕ ಅಪರಾಧದ ಅನುಮಾನ ಇದ್ದರೆ ಸಹಾಯವಾಣಿಗೆ ಹೇಳಿ ಕೈತೊಳೆದುಕೊಳ್ಳಬೇಡಿ. ಕಾನೂನು ಹೇಳುವುದು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಿ ಅಂತ. ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಅವರನ್ನೇ ಕೇಳಿ. ಬಾಲಕಾರ್ಮಿಕರಾದರೆ ಕಾರ್ಮಿಕ ನಿರೀಕ್ಷಕರಿಗೂ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ತಿಳಿಸಿ.

ಫೋನ್ ಮಾಡಿದ ಮೇಲೆ ಅದನ್ನೇ ಬರಹದಲ್ಲೂ ಕೊಡಿ. ಅರ್ಧ ಪುಟ ಸಾಕು. ದಿನಾಂಕ, ಸಮಯ, ಕಂಡದ್ದು, ಕೇಳಿದ್ದು, ವಾಹನದ ನಂಬರ್, ಮಗು ಈಗ ಎಲ್ಲಿದೆ. ಸ್ವೀಕೃತಿ ಪಡೆದುಕೊಳ್ಳಿ. ನಾಳೆ ನಿಮ್ಮನ್ನು ಕಾಪಾಡುವುದೂ ಆ ಕಾಗದವೇ.

ಮೊದಲು ಮಾಲೀಕರನ್ನೋ ಮನೆಯವರನ್ನೋ ಕರೆಸಿ ಮಾತಾಡಬಾರದಾ?

ಬೇಡ. ಕರೆಸಿದ ರಾತ್ರಿಯೇ ಮಗು ಅಲ್ಲಿಂದ ಮಾಯವಾಗುತ್ತದೆ. ಊರ ಹಿರಿಯರ ಮುಂದೆ ರಾಜಿ ಮಾಡಿಸುವುದೂ ಬೇಡ, ಇದು ರಾಜಿಯಾಗುವ ಅಪರಾಧವೇ ಅಲ್ಲ.

ನಾವೇ ನಾಲ್ಕು ಜನ ಹೋಗಿ ಬಿಡಿಸಿಕೊಂಡು ಬಂದರೆ?

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಹೋಗಬೇಡಿ. ಒಂದು ಮಗುವನ್ನು ತಂದರೆ ಒಳಗಿರುವ ಉಳಿದ ಹತ್ತು ಮಕ್ಕಳನ್ನು ಹಿಂಬಾಗಿಲಿನಿಂದ ಸಾಗಿಸುತ್ತಾರೆ. ಹಾಜರಿ ಪುಸ್ತಕ, ಲೆಕ್ಕದ ಚೀಟಿ, ಫೋನ್‌ಗಳಂಥ ಸಾಕ್ಷಿ ಸುಟ್ಟುಹೋಗುತ್ತದೆ. ಇನ್ನೊಂದು ಮಾತು: ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ವದಂತಿಗೆ 2018ರಲ್ಲಿ ಬೆಂಗಳೂರಿನಲ್ಲಿ ಒಬ್ಬ, ಬೀದರ್ ಜಿಲ್ಲೆಯಲ್ಲಿ ಒಬ್ಬ, ಏನೂ ತಪ್ಪು ಮಾಡದವರು ಗುಂಪಿನ ಹೊಡೆತಕ್ಕೆ ಸತ್ತರು. ಅನುಮಾನ ಬಂದಾಗ ಜನ ಸೇರಿಸಬಾರದು.

ಆಧಾರ್‌ನಲ್ಲಿ 19 ಅಂತಿದೆ, ನೋಡಿದರೆ 14ರ ಹಾಗಿದ್ದಾಳೆ. ಏನು ಮಾಡಲಿ?

ನೋಡಿದ್ದನ್ನು ನಂಬಿ, ತಿಳಿಸಿ. ವಯಸ್ಸು ನಿರ್ಧರಿಸುವುದು ಮಕ್ಕಳ ಕಲ್ಯಾಣ ಸಮಿತಿಯ ಕೆಲಸ. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯತಿ, ನಗರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಆ ಪಟ್ಟಿಯಲ್ಲೇ ಇಲ್ಲ. ಸಾಗಿಸುವವರು ಮೊದಲು ತಿದ್ದಿಸುವುದು ಆಧಾರನ್ನೇ.

ಮುಖ್ಯೋಪಾಧ್ಯಾಯರಿಗೆ ಒಂದು ವಿನಂತಿ: ದೂರದ ಊರಿನ ಸಮಿತಿಯಿಂದ ಮಗುವಿನ ಜನ್ಮದಿನಾಂಕ ಕೇಳಿ ಫೋನ್ ಬಂದರೆ ಅವತ್ತೇ ದಾಖಲಾತಿ ಪುಸ್ತಕ ತೆಗೆದು ಕಳಿಸಿಕೊಡಿ.

ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ? "ನಮ್ಮ ಲಿಮಿಟ್ಸ್ ಅಲ್ಲ" ಅಂದರೆ?

ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಅದನ್ನು ಸ್ಪಷ್ಟ ಮಾಡಿದೆ. ಜನ ಇದನ್ನೇ ಝೀರೊ ಎಫ್‌ಐಆರ್ ಅನ್ನುತ್ತಾರೆ. ಸಾಗಣೆಯ ದೂರು ದಾಖಲಿಸದ ಅಧಿಕಾರಿಗೇ ನ್ಯಾಯ ಸಂಹಿತೆಯ 199ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ಒಪ್ಪದಿದ್ದರೆ ಎಸ್‌ಪಿಗೆ ಬರಹದಲ್ಲಿ ಕಳಿಸಿ, ಮಕ್ಕಳ ಕಲ್ಯಾಣ ಸಮಿತಿಗೆ ಪ್ರತಿ ಕೊಡಿ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು.

ಕಾಣೆಯಾದ ಮಗುವಿನ ವಿಷಯದಲ್ಲಿ "ಎರಡು ದಿನ ಕಾಯಿರಿ, ಬರ್ತಾಳೆ" ಅನ್ನುವಂತಿಲ್ಲ. ಎಫ್‌ಐಆರ್ ದಾಖಲಿಸಿ, ಅಪಹರಣ ಅಥವಾ ಸಾಗಣೆ ಅಂತಲೇ ಭಾವಿಸಿ ತನಿಖೆ ಶುರು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ರಕ್ಷಿಸಿದ ಮಗುವಿಗೆ ಆಮೇಲೆ ಏನಾಗುತ್ತದೆ?

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಸೇರದ ದಿನ ಒಬ್ಬ ಸದಸ್ಯರ ಮುಂದೆಯಾದರೂ ಸರಿ. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವ ಹಾಗಿಲ್ಲ. ಸಮಿತಿ ಮಗುವನ್ನು ಬಾಲಮಂದಿರದಲ್ಲೋ ತೆರೆದ ತಂಗುದಾಣದಲ್ಲೋ ಇರಿಸಿ, ಮನೆಯ ಪರಿಸ್ಥಿತಿಯ ವರದಿ ತರಿಸಿಕೊಳ್ಳುತ್ತದೆ. ಮಗುವನ್ನು ಕಳಿಸಿದವರು ಮನೆಯವರೇ ಆಗಿದ್ದರೆ ಆ ವರದಿಗೆ ಬಹಳ ತೂಕ. ಪಿಡಿಒ, ಶಿಕ್ಷಕರು, ಅಂಗನವಾಡಿಯವರು ಇಲ್ಲಿ ನಿಜ ಹೇಳಬೇಕು. "ಒಳ್ಳೇ ಕುಟುಂಬ" ಅಂತ ಎರಡು ಸಾಲು ಬರೆದು ಕಳಿಸಿದರೆ ಮಗು ಅದೇ ಮೇಸ್ತ್ರಿಯ ಗಾಡಿ ಹತ್ತುತ್ತದೆ.

ಮುಂಗಡಕ್ಕೆ ಕಟ್ಟಿ ದುಡಿಸಿದ್ದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಆ ಸಾಲವನ್ನೇ ಅಳಿಸಿಹಾಕುತ್ತದೆ. ಉಪವಿಭಾಗಾಧಿಕಾರಿಯಿಂದ ಬಿಡುಗಡೆ ಪತ್ರ ಕೇಳಿ ಪಡೆಯಿರಿ. ಕೇಂದ್ರದ ಯೋಜನೆಯಲ್ಲಿ ತಕ್ಷಣಕ್ಕೆ 30 ಸಾವಿರ ರೂಪಾಯಿವರೆಗೆ ನೆರವಿದೆ. ಮಕ್ಕಳಿಗೆ ಒಟ್ಟು ಪುನರ್ವಸತಿ 2 ಲಕ್ಷ, ಸಾಗಣೆ, ಲೈಂಗಿಕ ಶೋಷಣೆಯಂಥ ಘೋರ ಪ್ರಕರಣದಲ್ಲಿ 3 ಲಕ್ಷ. ಕೇಸು ಮುಗಿಯುವವರೆಗೆ ದೊಡ್ಡ ಮೊತ್ತ ಬರುವುದಿಲ್ಲ, ಆದ್ದರಿಂದ ತಕ್ಷಣದ ಹಣವನ್ನು ಬಿಡಬೇಡಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ. ಅದರ ಸಹಾಯವಾಣಿ 15100.

ರಕ್ಷಿಸಿದ ಫೋಟೋ ಗ್ರೂಪಿಗೆ ಹಾಕಬಹುದಾ? ಜನಕ್ಕೂ ಅರಿವು ಬರುತ್ತಲ್ಲ?

ಹಾಕಬೇಡಿ. ಮುಖ ಮಸುಕು ಮಾಡಿದರೂ ಊರು, ಶಾಲೆ, ಅಪ್ಪನ ಹೆಸರು ಕಂಡರೆ ಗುರುತು ಸಿಕ್ಕಿದ ಹಾಗೆಯೇ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಹಾರ ಹಾಕಿ, ಶಾಲು ಹೊದಿಸಿ, ಅಧಿಕಾರಿಗಳ ನಡುವೆ ನಿಲ್ಲಿಸಿ ತೆಗೆಯುವ ಫೋಟೋಗೂ ಇದು ಅನ್ವಯ.

ಮಗು ಶಾಲೆಗೆ ವಾಪಸ್ ಬಂದಿದೆ. ನಾನು ಏನು ಮಾಡಲಿ?

ತರಗತಿಯಲ್ಲಿ ಎದ್ದು ನಿಲ್ಲಿಸಿ ಎಲ್ಲಿಗೆ ಹೋಗಿದ್ದೆ ಅಂತ ಕೇಳಬೇಡಿ. ಹಳೆಯ ಬೆಂಚಿನಲ್ಲೇ, ಹಳೆಯ ಗೆಳತಿಯ ಪಕ್ಕ ಕೂರಿಸಿ. ಎರಡು ವರ್ಷದ ಪಾಠ ತಪ್ಪಿದ ಹುಡುಗನನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಮೂರನೇ ತರಗತಿಯ ಮಕ್ಕಳ ಜೊತೆ ಕೂರಿಸಿದರೆ ಅವನು ನಾಚಿಕೆಗೇ ಬಿಡುತ್ತಾನೆ. ಏಕಾಏಕಿ ಸಿಟ್ಟು, ಯಾರಾದರೂ ಮುಟ್ಟಿದರೆ ಬೆಚ್ಚುವುದು, ಪಾಠದ ನಡುವೆ ಎಲ್ಲೋ ಕಳೆದುಹೋಗುವುದು ಕಾಣಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಲು ಮನೆಯವರಿಗೆ ಸಹಾಯ ಮಾಡಿ.

ಮತ್ತೆ ಕಳಿಸುವ ಒತ್ತಡ ಸಾಲದಿಂದಲೇ ಬರುತ್ತದೆ. ಆ ಮನೆಗೆ ಪಡಿತರ ಚೀಟಿ ಇದೆಯಾ, ಜಾಬ್ ಕಾರ್ಡ್ ಇದೆಯಾ, ತಾಯಿಗೆ ವಿಧವಾ ವೇತನ ಬರುತ್ತಿದೆಯಾ, ಹುಡುಗಿಗೆ ಹಾಸ್ಟೆಲ್ ಸಿಗುತ್ತದಾ ಅಂತ ಪಿಡಿಒ ಜೊತೆ ಕೂತು ಒಂದೊಂದಾಗಿ ನೋಡಿ. ಪಂಚಾಯತಿ ಮಟ್ಟದ ಮಕ್ಕಳ ರಕ್ಷಣಾ ಸಮಿತಿಯ ಮುಂದಿನ ಸಭೆಯಲ್ಲಿ ಹೆಸರು ಹೇಳದೆ ಈ ಮನೆಯ ವಿಷಯ ತೆಗೆಯಿರಿ. ಆ ಮೇಸ್ತ್ರಿ ಮುಂದಿನ ಹಂಗಾಮಿಗೆ ಯಾವಾಗ ಬರುತ್ತಾನೆ ಅನ್ನುವುದು ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಆ ವಾರ ಬರುವ ಮುಂಚೆಯೇ ಬೀಟ್ ಪೊಲೀಸರಿಗೆ ತಿಳಿಸಿಡಿ.